ಕಾಲಿನ ರಕ್ತನಾಳದ ಎಂಆರ್‌ಐ: ಒಂದೇ ಸಲಕ್ಕೆ ಸರಿಯಾಗಿ ಮುಗಿಸುವುದು ಹೇಗೆ

ಕುಂಬಳೆಯಿಂದ ಬೆಳಗ್ಗಿನ ರೈಲು ಹಿಡಿದು ಮಂಗಳೂರಿಗೆ ಹೋಗಿ, ಸ್ಕ್ಯಾನಿಂಗ್ ಕೋಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು ನಾನು. ಬದಿಯಡ್ಕ, ಮುಳ್ಳೇರಿಯ ಕಡೆಯವರು ಜೀಪು ಬಾಡಿಗೆ ಮಾಡಿಕೊಂಡು ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಬರುತ್ತಿದ್ದರು. ಅವರಲ್ಲಿ ಎಷ್ಟೋ ಜನ ಬಂದ ದಾರಿಗೆ ಸುಂಕವಿಲ್ಲ ಎಂದು ಹಾಗೇ ವಾಪಸ್ ಹೋಗಿದ್ದಾರೆ. ಒಬ್ಬರ ಹತ್ತಿರ ಕಿಡ್ನಿಯ ರಿಪೋರ್ಟ್ ಇಲ್ಲ. ಇನ್ನೊಬ್ಬರ ಚೀಟಿಯಲ್ಲಿ ಬರೆದಿರುವುದೇ ಬೇರೆ ಸ್ಕ್ಯಾನ್. ಮತ್ತೊಬ್ಬರ ತೊಡೆಯಲ್ಲಿ ಹಳೇ ರಾಡ್ ಇದೆ, ಯಾವ ಲೋಹ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಮಿಷನ್ ಕೆಟ್ಟು ವಾಪಸ್ ಹೋದವರು ಕಡಿಮೆ. ಮನೆಯಲ್ಲಿ ಮಾಡಬೇಕಾದ ತಯಾರಿ ಬಿಟ್ಟುಹೋಗಿ ವಾಪಸ್ ಹೋದವರೇ ಜಾಸ್ತಿ. ಹಾಗಾಗಿ ಇಲ್ಲಿ ಸ್ಕ್ಯಾನಿಗಿಂತ ಅದರ ಹಿಂದಿನ ವಾರದ ಬಗ್ಗೆ ಹೆಚ್ಚು ಬರೆದಿದ್ದೇನೆ.

ಮೊದಲು ಇದನ್ನು ಓದಿ: ಸ್ಕ್ಯಾನಿಗೆ ಕಾಯಬಾರದ ಕಾಲು

ಕಾಲು ಒಮ್ಮೆಲೇ ಜೋರಾಗಿ ನೋಯತೊಡಗಿ, ಬಿಳಿಚಿಕೊಂಡು, ತಣ್ಣಗಾಗಿ, ಜೋಮು ಹಿಡಿದಿದೆಯೇ? ಬೆರಳು ಅಲ್ಲಾಡಿಸಲು ಆಗುತ್ತಿಲ್ಲವೇ? ಅಪಾಯಿಂಟ್‌ಮೆಂಟ್ ಕೇಳುತ್ತಾ ಕೂರಬೇಡಿ. ರಕ್ತದ ಹರಿವು ನಿಂತಿರಬಹುದು. ಮಾಂಸಖಂಡ ರಕ್ತವಿಲ್ಲದೆ ತಡೆದುಕೊಳ್ಳುವುದು ಸುಮಾರು 6 ಗಂಟೆ. ನೇರ ತುರ್ತು ವಿಭಾಗಕ್ಕೆ ಹೋಗಿ. ತಣ್ಣಗಿದೆ ಎಂದು ಬಿಸಿನೀರಿನ ಚೀಲ ಇಡಬೇಡಿ. ಜೋಮು ಹಿಡಿದ ಕಾಲಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ.

ಒಂದೇ ಕಾಲು ಊದಿಕೊಂಡು ಮೀನಖಂಡ ಬಿಗಿಯಾಗಿ ನೋಯುತ್ತಿದ್ದರೆ ಅದು ಬೇರೆ ಕತೆ. ಒಳಗಿನ ಅಭಿಧಮನಿಯಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳದಲ್ಲಿ, ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ಮೊದಲು ಮಾಡುವುದು ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್), ಅದೂ ಅದೇ ದಿನ. ಉಳುಕು ಎಂದುಕೊಂಡು ಎಣ್ಣೆ ಹಚ್ಚಿ ತಿಕ್ಕಿಸಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಅದೂ ತುರ್ತು. ಸಕ್ಕರೆ ಕಾಯಿಲೆಯವರ ಬೆರಳು ಕಪ್ಪಾಗಿ, ಕೀವು ಬಂದು, ಜ್ವರ ಸೇರಿದರೆ ಅಲ್ಲೂ ಕಾಯುವ ಮಾತಿಲ್ಲ.

ಹಂತ 1: ನಿಮಗೆ ಬೇಕಾದದ್ದು ಇದೇ ಸ್ಕ್ಯಾನಾ?

ನಡೆದರೆ ಕಾಲು ನೋವು, ನಿಂತರೆ ಕಡಿಮೆ. ಇದು ರಕ್ತನಾಳ ಕಿರಿದಾದವರ ಮಾತು. ಆದರೆ ಬೆನ್ನಿನ ನರ ಒತ್ತಿದವರೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತಾರೆ. ಅದಕ್ಕೇ ಎಷ್ಟೋ ಜನ ಬೆನ್ನಿನ ಎಂಆರ್‌ಐ ಮಾಡಿಸಿಕೊಂಡು ಫಿಲ್ಮ್ ಹಿಡಿದು ಬರುತ್ತಾರೆ. ಅದರಲ್ಲಿ ಕಾಲಿನ ರಕ್ತನಾಳ ಕಾಣುವುದಿಲ್ಲ.

ವ್ಯತ್ಯಾಸ ತಿಳಿಯಲು ನಮ್ಮೂರಿನ ಗುಡ್ಡೆಗಳೇ ಸಾಕು. ರಕ್ತ ಸಾಲದ ಕಾಲು ಗುಡ್ಡೆ ಹತ್ತುವಾಗ ಜಾಸ್ತಿ ನೋಯುತ್ತದೆ. ಸುಮ್ನೆ ನಿಂತರೆ ಸಾಕು, ಕೆಲವು ನಿಮಿಷದಲ್ಲಿ ಹಗುರಾಗುತ್ತದೆ. ಬೆನ್ನಿನ ನರದ ನೋವು ಗುಡ್ಡೆ ಇಳಿಯುವಾಗ ಕಾಡುವುದು ಹೆಚ್ಚು. ನಿಂತರೆ ಸಾಲದು, ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು. ಇದು ಪರೀಕ್ಷೆಯ ಬದಲಿಗಲ್ಲ. ಆದರೆ ಡಾಕ್ಟರಿಗೆ ಹೀಗೆ ಬಿಡಿಸಿ ಹೇಳಿದರೆ ಅವರ ಕೆಲಸ ಸುಲಭವಾಗುತ್ತದೆ.

ಎಂಆರ್‌ಐಗೆ ಮೊದಲು ಎರಡು ಸುಲಭ ಪರೀಕ್ಷೆ ಆಗಿರಬೇಕು. ಒಂದು, ಪಾದದ ಗಂಟಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸುವುದು. ಉತ್ತರ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. 1.4ಕ್ಕಿಂತ ಜಾಸ್ತಿ ಬಂದರೆ ಖುಷಿಪಡಬೇಡಿ. ಹಳೇ ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ಕಾಯಿಲೆ ಇರುವವರಲ್ಲಿ ರಕ್ತನಾಳದ ಗೋಡೆ ಸುಣ್ಣಗಟ್ಟಿ ಗಟ್ಟಿಯಾಗಿ, ಲೆಕ್ಕ ಸುಳ್ಳು ಹೇಳುತ್ತದೆ. ಎರಡನೆಯದು ಡಾಪ್ಲರ್. ಕೆಲವರಿಗೆ ಅಷ್ಟೇ ಸಾಕು. ಕಿರಿದಾದ ನಾಳವನ್ನು ಬಲೂನ್ ಹಾಕಿ ಹಿಗ್ಗಿಸುವುದೋ, ಬೈಪಾಸ್ ಮಾಡುವುದೋ ಎಂದು ಯೋಚಿಸುವಾಗ ಪೂರ್ತಿ ನಕ್ಷೆ ಬೇಕಾಗುತ್ತದೆ. ಆಗ ಆಂಜಿಯೋಗ್ರಾಮ್, ಅಂದರೆ ರಕ್ತನಾಳದ ಚಿತ್ರ: ಸಿಟಿ ಆಂಜಿಯೋಗ್ರಾಮ್ ಅಥವಾ ಎಂಆರ್ ಆಂಜಿಯೋಗ್ರಾಮ್. ಎಂಆರ್‌ನಲ್ಲಿ ಎಕ್ಸ್-ರೇ ಕಿರಣ ಇಲ್ಲ. ಸುಣ್ಣಗಟ್ಟಿದ ನಾಳದೊಳಗೆ ರಕ್ತ ಎಷ್ಟು ಹರಿಯುತ್ತಿದೆ ಎಂಬುದೂ ಮರೆಯಾಗುವುದಿಲ್ಲ. ಸಿಟಿ ಬೇಗ ಮುಗಿಯುತ್ತದೆ, ತುರ್ತಿಗೆ ಅದೇ ಅನುಕೂಲ.

ಬೀಡಿ ಸೇದುವವರಿಗೆ ಒಂದು ಮಾತು. ಇನ್ನೂ 40 ದಾಟದವರ ಮೊಣಕಾಲಿನ ಕೆಳಗಿನ ನಾಳಗಳು ಮುಚ್ಚಿಹೋಗಿರುವುದನ್ನು ಪರದೆಯ ಮೇಲೆ ನೋಡಿ ನನಗೇ ಕೈಕಾಲು ತಣ್ಣಗಾಗಿದೆ. ಬರ್ಗರ್ ಕಾಯಿಲೆ ಎನ್ನುತ್ತಾರೆ. ಬೀಡಿ ಬಿಡದೆ ಎಷ್ಟು ಸ್ಕ್ಯಾನ್ ಮಾಡಿಸಿದರೂ ದುಡ್ಡು ದಂಡ.

ಹಂತ 2: ಚೀಟಿ ಸರಿಯಾಗಿದೆಯಾ ನೋಡಿ

ಚೀಟಿಯಲ್ಲಿ ‘ಎಂಆರ್‌ಐ ಕಾಲು’ ಎಂದಷ್ಟೇ ಇದ್ದರೆ ಎಲುಬು, ಮಾಂಸಖಂಡದ ಚಿತ್ರ ತೆಗೆದು ಕಳಿಸುತ್ತಾರೆ. ‘ಎಂಆರ್ ಆಂಜಿಯೋಗ್ರಾಮ್’ ಎಂಬ ಪದ ಇರಲೇಬೇಕು. ಅಭಿಧಮನಿ ನೋಡುವುದಾದರೆ ‘ವೀನೋಗ್ರಾಮ್’ ಎಂದಿರಬೇಕು. ಎರಡೂ ಒಂದೇ ಅಲ್ಲ, ಚಿತ್ರ ತೆಗೆಯುವ ಹೊತ್ತೇ ಬೇರೆ.

ಎಲ್ಲಿಂದ ಎಲ್ಲಿಯವರೆಗೆ ಎಂಬುದೂ ಮುಖ್ಯ. ಸಾಮಾನ್ಯವಾಗಿ ಹೊಟ್ಟೆಯ ಮಹಾಧಮನಿಯಿಂದ ಪಾದದವರೆಗೆ, ಎರಡೂ ಕಾಲು. ನೋವು ಮೀನಖಂಡದಲ್ಲಿದ್ದರೂ ತಡೆ ಸೊಂಟದಲ್ಲಿರಬಹುದು. ಪಾದದಲ್ಲಿ ಹುಣ್ಣಿದ್ದರೆ ಯಾವ ಕಾಲು, ಯಾವ ಬೆರಳು ಎಂದು ಬರೆಸಿಕೊಳ್ಳಿ. ಹುಣ್ಣಿರುವ ಕಾಲಿನಲ್ಲಿ ರಕ್ತ ಧಮನಿಯಿಂದ (ಹೃದಯದಿಂದ ರಕ್ತ ತರುವ ನಾಳ) ಅಭಿಧಮನಿಗೆ ಬೇಗ ದಾಟುತ್ತದೆ. ಮೊದಲೇ ಗೊತ್ತಿದ್ದರೆ ಟೆಕ್ನೀಷಿಯನ್ ಮೀನಖಂಡದ ಮತ್ತು ಪಾದದ ಚಿತ್ರವನ್ನು ಬೇರೆಯಾಗಿ, ಮೊದಲು ತೆಗೆಯುತ್ತಾರೆ. ಗೊತ್ತಿಲ್ಲದಿದ್ದರೆ ಧಮನಿಯೂ ಅಭಿಧಮನಿಯೂ ಒಂದರ ಮೇಲೊಂದು ಬಿದ್ದು ಚಿತ್ರ ಕಲಸುಮೇಲೋಗರ.

ಹಂತ 3: ಕಿಡ್ನಿಯ ರಿಪೋರ್ಟ್

ಈ ಸ್ಕ್ಯಾನಿಗೆ ಸಾಮಾನ್ಯವಾಗಿ ಗ್ಯಾಡೋಲಿನಿಯಮ್ ಎಂಬ ಲೋಹ ಸೇರಿದ ಮದ್ದನ್ನು ಕೈಯ ನಾಳಕ್ಕೆ ಕೊಡುತ್ತಾರೆ. ಅದು ಹೊರಗೆ ಹೋಗುವುದು ಮುಖ್ಯವಾಗಿ ಮೂತ್ರದಲ್ಲಿ. ಕಿಡ್ನಿ ತೀರಾ ಸೋತಿದ್ದರೆ ದೇಹದಲ್ಲೇ ಉಳಿಯುತ್ತದೆ. ಅಂಥವರಲ್ಲಿ ಚರ್ಮ, ಕೀಲು ಮರದಂತೆ ಬಿಗಿಯುವ ಒಂದು ಕಾಯಿಲೆಗೂ ಈ ಮದ್ದಿಗೂ ಸಂಬಂಧ ಇದೆ ಎಂದು 2006ರಲ್ಲಿ ಗೊತ್ತಾಯಿತು. ಈಗ ಹೆಚ್ಚಾಗಿ ಬಳಸುವ ಮದ್ದುಗಳಲ್ಲಿ ಆ ಅಪಾಯ ತೀರಾ ಕಡಿಮೆ. ಆದರೂ ರಿಪೋರ್ಟ್ ಕೇಳಿಯೇ ಕೇಳುತ್ತಾರೆ.

ಕ್ರಿಯೇಟಿನೈನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) ಅಂಕಿ ಮಾತ್ರ ಹಿಡಿದುಕೊಂಡು ಹೋಗಬೇಡಿ. ಅದರಿಂದ ಲೆಕ್ಕ ಹಾಕಿದ, ಕಿಡ್ನಿ ಎಷ್ಟು ಸೋಸುತ್ತದೆ ಎಂದು ಹೇಳುವ ಇಜಿಎಫ್‌ಆರ್ ಕೂಡ ಬರೆಸಿಕೊಳ್ಳಿ. ಯಾಕೆಂದರೆ ಒಂದೇ ಅಂಕಿ ಇಬ್ಬರಲ್ಲಿ ಬೇರೆ ಬೇರೆ ಅರ್ಥ ಕೊಡುತ್ತದೆ. ಕ್ರಿಯೇಟಿನೈನ್ 1.4 ಇದ್ದರೆ 25ರ ಹುಡುಗನಿಗೆ ಇಜಿಎಫ್‌ಆರ್ ಸುಮಾರು 70 ಬರುತ್ತದೆ. 72ರ ಅಜ್ಜಿಗೆ ಅದೇ 1.4ಕ್ಕೆ ಸುಮಾರು 40. ‘ಒಂದು ಪಾಯಿಂಟ್ ನಾಲ್ಕು ಅಷ್ಟೇ, ಏನಿಲ್ಲ’ ಎಂದು ಹೇಳುವವರನ್ನು ಕಂಡಾಗ ನನಗೆ ಈ ಲೆಕ್ಕ ನೆನಪಾಗುತ್ತದೆ.

ಇಜಿಎಫ್‌ಆರ್ 30ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. 30ಕ್ಕಿಂತ ಕೆಳಗಿದ್ದರೆ, ಡಯಾಲಿಸಿಸ್ ಆಗುತ್ತಿದ್ದರೆ, ಫೋನಿನಲ್ಲೇ ಹೇಳಿಬಿಡಿ. ಯಾವ ಮದ್ದು, ಎಷ್ಟು, ಡಯಾಲಿಸಿಸ್ ಯಾವ ಹೊತ್ತಿಗೆ ಎಂದು ರೇಡಿಯಾಲಜಿಸ್ಟ್ ನಿರ್ಧರಿಸಬೇಕು. ಮದ್ದಿಲ್ಲದೆ ಚಿತ್ರ ತೆಗೆಯುವ ಕ್ರಮಗಳೂ ಇವೆ. ಆದರೆ ಅವು ಎಲ್ಲ ಮಿಷನ್‌ನಲ್ಲಿ ಇರುವುದಿಲ್ಲ. ಗರ್ಭಿಣಿಯರಿಗೆ ಈ ಮದ್ದನ್ನು ಆದಷ್ಟೂ ಕೊಡುವುದಿಲ್ಲ. ಮಗುವಿಗೆ ಹಾಲು ಕೊಡುವ ತಾಯಂದಿರು ಹಾಲು ನಿಲ್ಲಿಸಬೇಕಾಗಿಲ್ಲ.

ಹಂತ 4: ಮೈಯೊಳಗಿನ ಮತ್ತು ಮೈಮೇಲಿನ ಲೋಹ ಹುಡುಕಿ

ಇದಕ್ಕೆ ಒಂದು ಇಡೀ ಸಂಜೆ ಕೊಡಿ. ಎಂಆರ್‌ಐ ಮಿಷನ್ ಒಂದು ದೊಡ್ಡ ಅಯಸ್ಕಾಂತ. ಟೆಸ್ಲಾ ಎಂಬುದು ಅದರ ಶಕ್ತಿಯ ಅಳತೆ. 1.5 ಟೆಸ್ಲಾ ಎಂದರೆ ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 30 ಸಾವಿರ ಪಟ್ಟು. ಸ್ಕ್ಯಾನ್ ನಡೆಯದಿದ್ದಾಗಲೂ ಅದು ಚಾಲೂ ಇರುತ್ತದೆ. ಬಾಗಿಲಲ್ಲಿ ನಿಂತ ಮಗನ ಕಿಸೆಯ ಬೀಗದ ಕೈ ಗೊಂಚಲು ಹಾರಿ ಹೋಗಿ ಮಿಷನ್ನಿಗೆ ಅಂಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಪ್ಪ ಆಗಿನ್ನೂ ಮಲಗಿರಲಿಲ್ಲ, ಪುಣ್ಯ.

ಮೈಯೊಳಗೆ ಏನಿದೆ ಎಂದು ಮನೆಯ ಹಿರಿಯರನ್ನು ಕೂರಿಸಿ ಕೇಳಿ. ಪೇಸ್‌ಮೇಕರ್, ಮೆದುಳಿನ ನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಇಂಪ್ಲಾಂಟ್, ಹೃದಯ ಅಥವಾ ಕಾಲಿನ ಸ್ಟೆಂಟ್, ಮುರಿದ ಎಲುಬಿಗೆ ಹಾಕಿದ ರಾಡು, ಸ್ಕ್ರೂ. ಪೇಸ್‌ಮೇಕರ್ ಇದ್ದವರಿಗೆಲ್ಲ ಸ್ಕ್ಯಾನ್ ಆಗುವುದೇ ಇಲ್ಲ ಎಂದಲ್ಲ. ಕೆಲವು ಮಾದರಿಗಳಿಗೆ ಷರತ್ತಿನ ಮೇಲೆ ಆಗುತ್ತದೆ. ಆದರೆ ಕಾರ್ಡ್ ಇಲ್ಲದೆ ಯಾರೂ ಒಳಗೆ ಬಿಡುವುದಿಲ್ಲ. ಅದಕ್ಕೇ ಹಳೇ ಡಿಸ್ಚಾರ್ಜ್ ಚೀಟಿ, ಇಂಪ್ಲಾಂಟ್ ಕಾರ್ಡ್ ಹುಡುಕಿ ಇಟ್ಟುಕೊಳ್ಳಿ. ನಮ್ಮಲ್ಲಿ ಆಪರೇಷನ್ ಒಂದು ರಾಜ್ಯದಲ್ಲಿ, ಸ್ಕ್ಯಾನ್ ಇನ್ನೊಂದು ರಾಜ್ಯದಲ್ಲಿ. ಚೀಟಿಯಲ್ಲಿ ಮಲಯಾಳಂ ಇದ್ದರೆ ಓದಿ ಹೇಳುವವರು ಜೊತೆಗಿರಲಿ.

ರಾಡು ಸ್ಕ್ಯಾನಿಗೆ ಅಡ್ಡಿಯಾಗದಿದ್ದರೂ ಅದರ ಸುತ್ತ ಚಿತ್ರ ಕಪ್ಪಾಗುತ್ತದೆ. ಸ್ಟೆಂಟ್ ಕೂಡ ಹಾಗೇ. ಅದರೊಳಗೆ ರಕ್ತ ಚೆನ್ನಾಗಿ ಹರಿಯುತ್ತಿದ್ದರೂ ಚಿತ್ರದಲ್ಲಿ ನಾಳ ಕಡಿದಂತೆ ಕಾಣಬಹುದು. ಸ್ಟೆಂಟ್ ಇದೆ ಎಂದು ಹೇಳದಿದ್ದರೆ ‘ಪೂರ್ತಿ ಮುಚ್ಚಿದೆ’ ಎಂದು ರಿಪೋರ್ಟ್ ಬರುವ ಸಾಧ್ಯತೆ ಉಂಟು.

ಎಲ್ಲರೂ ಮರೆಯುವುದು ಕಣ್ಣನ್ನು. ವೆಲ್ಡಿಂಗ್ ಮಾಡಿದವರು, ಗ್ರೈಂಡರ್ ಹಿಡಿದವರು, ಮಿಷನ್ನಿನಲ್ಲಿ ಮುರಕಲ್ಲು ಕೊಯ್ದವರು, ತೋಟದಲ್ಲಿ ಹುಲ್ಲು ಕತ್ತರಿಸುವ ಮಿಷನ್ ಓಡಿಸುವವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಯಾವತ್ತಾದರೂ ಕಣ್ಣಿಗೆ ಲೋಹದ ಚೂರು ಸಿಡಿದಿತ್ತಾ? ಪೂರ್ತಿ ತೆಗೆಸಿದ್ದೀರಾ? ಅನುಮಾನ ಇದ್ದರೆ ಮೊದಲು ಕಣ್ಣಿನ ಎಕ್ಸ್-ರೇ. ಅಯಸ್ಕಾಂತ ಆ ಚೂರನ್ನು ಅಲುಗಾಡಿಸಿದರೆ ದೃಷ್ಟಿಯೇ ಹೋಗಬಹುದು.

ಮೈಮೇಲಿನದ್ದು ಮನೆಯಲ್ಲೇ ಬಿಚ್ಚಿಡಿ. ಕರಿಮಣಿ, ಮೂಗುತಿ, ಬಳೆ, ಹೇರ್‌ಪಿನ್, ಸೀರೆಯ ಪಿನ್ನು, ಉಡುದಾರದ ತಾಯತ. ಕಾಲುಂಗುರದ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಚಿತ್ರ ತೆಗೆಯುವುದೇ ಕಾಲಿನದ್ದು. ವರ್ಷಾನುಗಟ್ಟಲೆ ತೆಗೆಯದ ಕಾಲುಂಗುರ ಊದಿದ ಬೆರಳಲ್ಲಿ ಕಚ್ಚಿಕೊಂಡಿರುತ್ತದೆ. ಸ್ಕ್ಯಾನ್ ಸೆಂಟರಿನಲ್ಲಿ ಸಾಬೂನು ಹಚ್ಚಿ ಎಳೆಯುತ್ತಾ ಅರ್ಧ ಗಂಟೆ ಕಳೆಯುವ ಬದಲು ಎರಡು ದಿನ ಮೊದಲೇ ಎಣ್ಣೆ ಹಚ್ಚಿ ಮೆಲ್ಲಗೆ ತೆಗೆಯಿರಿ. ಸಕ್ಕರೆ ಕಾಯಿಲೆ ಇದ್ದರೆ ಚರ್ಮ ತರಚದ ಹಾಗೆ ನೋಡಿಕೊಳ್ಳಿ. ಬಾರದಿದ್ದರೆ ಕತ್ತರಿಸಿ ತೆಗೆಸಿ. ತೋಳಿಗೆ ಅಂಟಿಸಿದ ಶುಗರ್ ಸೆನ್ಸರ್, ಮದ್ದಿನ ಪಟ್ಟಿ (ಪ್ಯಾಚ್), ಇನ್ಸುಲಿನ್ ಪಂಪ್ ಇದ್ದರೆ ಅದನ್ನೂ ಹೇಳಿ.

ಹಂತ 5: ಒಂದು ಫೋನ್ ಮಾಡಿ

ಹೊರಡುವ ಎರಡು ಮೂರು ದಿನ ಮೊದಲು. ಕಾಲಿನ ಎಂಆರ್ ಆಂಜಿಯೋಗ್ರಾಮ್ ನಿಮ್ಮಲ್ಲಿ ನಿಜವಾಗಿಯೂ ಮಾಡುತ್ತೀರಾ ಎಂದು ಕೇಳಿ. ಎಂಆರ್‌ಐ ಮಿಷನ್ ಇದ್ದಲ್ಲೆಲ್ಲ ಕಾಲುದ್ದಕ್ಕೂ ಹಾಕುವ ಕಾಯಿಲ್ ಇರುವುದಿಲ್ಲ. ಕಾಯಿಲ್ ಎಂದರೆ ಕಾಲಿನ ಮೇಲೆ ಹೊದಿಸುವ ಆಂಟೆನಾ. ಅದಿಲ್ಲದೆ ತೆಗೆದ ಪಾದದ ಚಿತ್ರ ಮಸುಕು. ಒಮ್ಮೆ ಒಂದು ಸೆಂಟರಿನವರು ‘ಬನ್ನಿ, ಆಗುತ್ತದೆ’ ಎಂದು ಹೇಳಿ, ನನ್ನ ಸೋದರಮಾವನನ್ನು ಮೂರು ಗಂಟೆ ಕೂರಿಸಿ, ಆಮೇಲೆ ಕಾಯಿಲ್ ಇಲ್ಲ ಎಂದರು. ನನ್ನವರಿಗೇ ಹಾಗಾಯಿತು ನೋಡಿ.

ಮದ್ದಿನ ಖರ್ಚು ಸೇರಿ ಎಷ್ಟು, ಉಪವಾಸ ಎಷ್ಟು ಗಂಟೆ, ನಿಮ್ಮ ತೂಕಕ್ಕೆ ಮಿಷನ್ ಒಗ್ಗುತ್ತದಾ ಎಂಬುದೂ ಇದೇ ಫೋನಿನಲ್ಲಿ ಮುಗಿಯಲಿ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಇದ್ದವರು ಕಾರ್ಡ್ ನಡೆಯುತ್ತದಾ ಎಂದು ಕೇಳಿಯೇ ಹೊರಡಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆ ಯೋಜನೆ ಇರುವುದು ಆಸ್ಪತ್ರೆಗೆ ಸೇರಿ ಮಾಡಿಸುವ ಚಿಕಿತ್ಸೆಗೆ. ಸುಮ್ನೆ ಹೊರಗಿನಿಂದ ಬಂದು ಸ್ಕ್ಯಾನ್ ಮಾಡಿಸಿಕೊಂಡು ಹೋದರೆ ಕೈಯಿಂದಲೇ ಕೊಡಬೇಕಾಗಬಹುದು.

ಹಂತ 6: ಮನೆಯಲ್ಲಿ ಅಭ್ಯಾಸ, ಹೊರಡುವ ದಿನ

ಈ ಸ್ಕ್ಯಾನ್ ಕೆಡಿಸುವುದು ಕಾಲಿನ ಅಲುಗಾಟ. ಅದಕ್ಕೆ ಮನೆಯಲ್ಲೇ ಅಭ್ಯಾಸ ಮಾಡಿ. ಚಾಪೆಯ ಮೇಲೆ ಅಂಗಾತ ಮಲಗಿ. ಮೊಣಕಾಲಿನ ಸ್ವಲ್ಪ ಮೇಲೆ, ತೊಡೆಯ ಮೇಲೆ, ಸುಲಿದ ಚಾಲಿ ಅಡಕೆ ಒಂದನ್ನು ಚಪ್ಪಟೆ ತಳ ಕೆಳಗೆ ಮಾಡಿ ಇಡಿ. ಎರಡೂ ಕಾಲಿಗೆ ಒಂದೊಂದು. ಅರ್ಧ ಗಂಟೆ ಅಡಕೆ ಉರುಳದಿದ್ದರೆ ನೀವು ತಯಾರು. ನೋವಿನಿಂದ ಹತ್ತು ನಿಮಿಷವೂ ಮಲಗಲು ಆಗದಿದ್ದರೆ ಡಾಕ್ಟರಿಗೆ ಹೇಳಿ, ಸ್ಕ್ಯಾನಿನ ಮೊದಲು ನೋವಿನ ಮದ್ದು ಕೊಡುತ್ತಾರೆ. ಜೊತೆಗೆ ಹೊಟ್ಟೆಯ ಚಿತ್ರ ತೆಗೆಯುವಾಗ ಬೇಕಾಗುವ ಹಾಗೆ 20 ಸೆಕೆಂಡ್ ಉಸಿರು ಹಿಡಿಯುವುದನ್ನೂ ರೂಢಿ ಮಾಡಿಕೊಳ್ಳಿ.

ಹಲವು ಕಡೆ 4 ಗಂಟೆ ಏನೂ ತಿನ್ನಬೇಡಿ ಎನ್ನುತ್ತಾರೆ. ಇಲ್ಲೇ ಸಕ್ಕರೆ ಕಾಯಿಲೆಯವರು ಎಡವುವುದು. ಬೆಳಗ್ಗೆ ಐದಕ್ಕೆ ಎದ್ದು, ಇನ್ಸುಲಿನ್ ಚುಚ್ಚಿಕೊಂಡು, ಏನೂ ತಿನ್ನದೆ ಹೊರಟು, ಹನ್ನೊಂದಕ್ಕೆ ಸ್ಕ್ಯಾನ್ ಕೋಣೆಯ ಬೆಂಚಿನಲ್ಲಿ ಬೆವತು ಕುಸಿದವರನ್ನು ನಾನೇ ಎತ್ತಿದ್ದೇನೆ. ಉಪವಾಸದ ದಿನ ಇನ್ಸುಲಿನ್, ಮಾತ್ರೆ ಎಷ್ಟು, ಯಾವಾಗ ಎಂದು ಹಿಂದಿನ ದಿನವೇ ಡಾಕ್ಟರ ಹತ್ತಿರ ಕೇಳಿ. ಸಾಧ್ಯವಾದರೆ ಬೆಳಗ್ಗಿನ ಮೊದಲ ಸರದಿ ಕೇಳಿ ಪಡೆಯಿರಿ. ಕಿಸೆಯಲ್ಲಿ ಸಕ್ಕರೆ ಇರಲಿ. ಬಿಪಿ ಮಾತ್ರೆ, ರಕ್ತ ತಿಳಿಯಾಗಿಸುವ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ. ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಮಾತ್ರೆ) ನಿಲ್ಲಿಸಬೇಕೆಂಬ ಮಾತು ಬಂದಿರುವುದು ಸಿಟಿಯ ಅಯೋಡಿನ್ ಮದ್ದಿನಿಂದ. ಮಾಮೂಲಿ ಪ್ರಮಾಣದ ಗ್ಯಾಡೋಲಿನಿಯಮ್‌ಗೆ ಅದು ಬೇಕಾಗುವುದಿಲ್ಲ.

ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ರೈಲಿನಲ್ಲಿ ಬಂದರೆ ಸ್ಟೇಷನ್ನಿನ ಮೆಟ್ಟಿಲು ಹತ್ತಿಳಿಯುವಾಗ ರೋಗಿಯನ್ನು ಅವಸರಪಡಿಸಬೇಡಿ. ಹಳೇ ಡಾಪ್ಲರ್ ರಿಪೋರ್ಟ್, ಕಿಡ್ನಿಯ ರಿಪೋರ್ಟ್, ಚೀಟಿ, ಇಂಪ್ಲಾಂಟ್ ಕಾಗದ, ಎಲ್ಲ ಒಂದೇ ಫೈಲಿನಲ್ಲಿ. ತೂಕ ಎಷ್ಟೆಂದು ಗೊತ್ತಿರಲಿ, ಮದ್ದಿನ ಅಳತೆ ತೂಕದ ಮೇಲೆ.

ಹಂತ 7: ಮಿಷನ್ನಿನೊಳಗೆ

ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಇದನ್ನು ನಾಚಿಕೆಯಿಂದ ಬಿಟ್ಟವರು ಅರ್ಧದಲ್ಲಿ ಎದ್ದಿದ್ದಾರೆ. ಆಮೇಲೆ ಸೆಂಟರಿನ ಬಟ್ಟೆ ಹಾಕಿಸಿ, ಮದ್ದು ಬಿಡಲು ಕೈಗೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಹಾಕುತ್ತಾರೆ. ಸಾಮಾನ್ಯವಾಗಿ ಕಾಲು ಮೊದಲು ಒಳಗೆ ಹೋಗುತ್ತದೆ. ಒಳಗೆ ಉಸಿರುಕಟ್ಟುತ್ತದೆಂದು ಹೆದರುವವರಿಗೆ ಇದೊಂದು ಸಮಾಧಾನ: ಹೆಚ್ಚಿನ ಹೊತ್ತು ತಲೆ ಮಿಷನ್ನಿನ ಬಾಯಿಯ ಹತ್ತಿರವೋ ಹೊರಗೋ ಇರುತ್ತದೆ.

ಎರಡು ತೊಡೆ ಒಂದಕ್ಕೊಂದು ತಾಗಬಾರದು, ಕೈ ಕಟ್ಟಿಕೊಳ್ಳಬಾರದು. ಚರ್ಮಕ್ಕೆ ಚರ್ಮ ತಾಗಿದಲ್ಲಿ ವಿದ್ಯುತ್ ಸುತ್ತು ಹಾಕಿ ಸುಡಬಹುದು. ನಡುವೆ ಬಟ್ಟೆ ಅಥವಾ ಪ್ಯಾಡ್ ಇಟ್ಟಿದ್ದಾರಾ ಎಂದು ನೀವೇ ಕೇಳಿ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಹೋದವರು ಇದನ್ನು ಕೇಳಲೇಬೇಕು. ಎಲ್ಲಾದರೂ ಬಿಸಿ, ಚುರುಗುಟ್ಟುವುದು ಅನ್ನಿಸಿದರೆ ಕೈಯಲ್ಲಿ ಕೊಟ್ಟ ರಬ್ಬರ್ ಚೆಂಡು ಒತ್ತಿ. ಸಹಿಸಿಕೊಳ್ಳುವ ವಿಷಯ ಅಲ್ಲ ಇದು. ಸದ್ದು ಜೋರು, 100 ಡೆಸಿಬೆಲ್ ದಾಟುವುದುಂಟು. ಕಿವಿಗೆ ಪ್ಲಗ್ ಕೊಡದೆ ಶುರು ಮಾಡಲು ಬಿಡಬೇಡಿ.

ಇನ್ನು ಚಿತ್ರ ತೆಗೆಯುವ ಕ್ರಮ. ಇದು ಗೊತ್ತಿದ್ದರೆ ಯಾಕೆ ಅಲುಗಾಡಬಾರದು ಎಂದು ತಾನಾಗಿಯೇ ಅರ್ಥವಾಗುತ್ತದೆ. ಮೊದಲು ಮದ್ದಿಲ್ಲದೆ ಹೊಟ್ಟೆ, ತೊಡೆ, ಮೀನಖಂಡ, ಮೂರೂ ಕಡೆ ಚಿತ್ರ ತೆಗೆಯುತ್ತಾರೆ. ಆಮೇಲೆ ಮದ್ದು ಬಿಟ್ಟು, ಅದು ಮಹಾಧಮನಿಗೆ ಬಂದ ಕೂಡಲೇ ಹೊಟ್ಟೆಯ ಚಿತ್ರ, ಮಂಚ ಸರಿದು ತೊಡೆ, ಮತ್ತೆ ಸರಿದು ಮೀನಖಂಡ. ಹೊಳೆಯಲ್ಲಿ ತೇಲಿ ಹೋಗುವ ತೆಂಗಿನಕಾಯಿಯ ಹಿಂದೆ ದಡದಲ್ಲಿ ಓಡಿದ ಹಾಗೆ. ಕೊನೆಗೆ ಕಂಪ್ಯೂಟರ್ ಎರಡನೇ ಚಿತ್ರದಿಂದ ಮೊದಲನೆಯದನ್ನು ಕಳೆಯುತ್ತದೆ. ಎಲುಬು, ಕೊಬ್ಬು ಮಾಯವಾಗಿ ರಕ್ತನಾಳ ಮಾತ್ರ ಉಳಿಯುತ್ತದೆ. ಎರಡು ಚಿತ್ರದ ನಡುವೆ ಕಾಲು ಒಂದಿಷ್ಟು ಸರಿದರೂ ಕಳೆಯುವ ಲೆಕ್ಕ ತಪ್ಪುತ್ತದೆ. ಇಲ್ಲದ ತಡೆ ಕಾಣುತ್ತದೆ, ಇರುವ ನಾಳ ಕಾಣೆಯಾಗುತ್ತದೆ. ಮದ್ದು ಒಮ್ಮೆ ಹರಿದು ಹೋದ ಮೇಲೆ ಆ ಗಳಿಗೆ ಮತ್ತೆ ಸಿಗುವುದಿಲ್ಲ.

ಮದ್ದು ಹೋಗುವಾಗ ಕೈಯಲ್ಲಿ ತಣ್ಣಗೆ ಅನ್ನಿಸಬಹುದು. ಆಗಲೇ ಎಲ್ಲರೂ ಬೆಚ್ಚಿ ಕಾಲು ಎಳೆಯುವುದು. ತಣ್ಣಗಾಗುತ್ತದೆ ಎಂದು ಮೊದಲೇ ತಿಳಿದಿರಲಿ. ಕೆಮ್ಮು ಬರುವ ಹಾಗಿದ್ದರೆ ಮದ್ದು ಬಿಡುವ ಮೊದಲೇ ಹೇಳಿ, ಆಮೇಲಲ್ಲ. ಎಲ್ಲ ಸೇರಿ 30ರಿಂದ 60 ನಿಮಿಷ.

ಹಂತ 8: ಎದ್ದ ಮೇಲೆ

ಒಮ್ಮೆಲೇ ಏಳಬೇಡಿ. ಕ್ಯಾನುಲಾ ಇದ್ದ ಜಾಗ ಊದಿದರೆ, ಉರಿದರೆ ತೋರಿಸಿ, ಮದ್ದು ಹೊರಗೆ ಸೋರಿರಬಹುದು. ಮೈ ತುರಿಸುವುದು, ದದ್ದು, ಮುಖ ಊದುವುದು, ಉಸಿರಾಟ ಕಷ್ಟವಾಗುವುದು ಹೆಚ್ಚಾಗಿ ಬೇಗನೇ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಅರ್ಧ ಗಂಟೆ ಅಲ್ಲೇ ಕುಳಿತು ಹೊರಡಿ. ಹೊರಗೆ ಬಂದು ಚೆನ್ನಾಗಿ ತಿನ್ನಿ. ಡಾಕ್ಟರು ನೀರಿಗೆ ಮಿತಿ ಹಾಕಿಲ್ಲದಿದ್ದರೆ ನೀರು ಕುಡಿಯಿರಿ.

ಹಂತ 9: ರಿಪೋರ್ಟ್ ಮತ್ತು ಸಿಡಿ

ರಿಪೋರ್ಟಿನಲ್ಲಿ ‘ಸ್ಟೆನೋಸಿಸ್’ ಎಂದರೆ ಕಿರಿದಾಗಿದೆ, ‘ಅಕ್ಲೂಷನ್’ ಎಂದರೆ ಪೂರ್ತಿ ಮುಚ್ಚಿದೆ, ‘ಕೊಲ್ಯಾಟರಲ್’ ಎಂದರೆ ರಕ್ತ ತಾನೇ ಮಾಡಿಕೊಂಡ ಅಡ್ಡದಾರಿ. ‘ರನ್‌ಆಫ್’ ಎಂಬುದು ಮೊಣಕಾಲಿನ ಕೆಳಗಿನ ಮೂರು ನಾಳಗಳಲ್ಲಿ ಎಷ್ಟು ತೆರೆದಿವೆ ಎಂಬ ಲೆಕ್ಕ. ಸರ್ಜನ್ ಮೊದಲು ನೋಡುವ ವಿಷಯಗಳಲ್ಲಿ ಅದೊಂದು. ಮೇಲಿನ ತಡೆ ಬಿಡಿಸಿದರೂ ಕೆಳಗೆ ರಕ್ತ ಹೋಗಲು ದಾರಿ ಬೇಕಲ್ವಾ? ಶೇಕಡಾ 70 ಎಂದು ಓದಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಎಂಆರ್ ಕೆಲವೊಮ್ಮೆ ಕಿರಿದಾದ ಜಾಗವನ್ನು ಇರುವುದಕ್ಕಿಂತ ಜಾಸ್ತಿ ಮಾಡಿ ತೋರಿಸುತ್ತದೆ. ಡಾಪ್ಲರ್ ಮತ್ತು ನಿಮ್ಮ ನಡಿಗೆಯ ಜೊತೆ ಸೇರಿಸಿ ನೋಡಬೇಕಾದವರು ರಕ್ತನಾಳದ ಡಾಕ್ಟರು.

ಫಿಲ್ಮ್ ಸಾಲದು, ಸಿಡಿ ಕೇಳಿ. ಕೌಂಟರಿನಲ್ಲೇ ಒಮ್ಮೆ ಹಾಕಿಸಿ ಚಿತ್ರ ತೆರೆಯುತ್ತದಾ, ಹೆಸರು ನಿಮ್ಮದೇ ಇದೆಯಾ ನೋಡಿ. ಮನೆಗೆ ಬಂದ ಮೇಲೆ ಪೆನ್‌ಡ್ರೈವಿಗೆ ಒಂದು ನಕಲು ಮಾಡಿಸಿ. ನಮ್ಮ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಸಿಡಿಗೂ ಬೂಸಲು ಹಿಡಿಯುತ್ತದೆ.